ಎರಡನೇ ಮಗು ಬರುತ್ತಿದೆ, ಅಪ್ಪ-ಅಮ್ಮನೂ ಜೊತೆಗಿದ್ದಾರೆ. ಸ್ವಿಫ್ಟ್ ಕೊಟ್ಟು ಯಾವ ದೊಡ್ಡ ಕಾರು ತೆಗೆದುಕೊಳ್ಳಲಿ?

ನಿಮ್ಮ ಪ್ರಶ್ನೆ ಓದುವಾಗ ಕೆಲವು ವರ್ಷಗಳ ಹಿಂದಿನ ನಮ್ಮ ಮನೆಯೇ ಕಣ್ಣಮುಂದೆ ಬಂತು. ನಿಮಗೆ ನಾಲ್ಕು ವರ್ಷದ ಮಗಳು, ಇನ್ನು ಮೂರು ತಿಂಗಳಿಗೆ ಮತ್ತೊಂದು ಮಗು, ಜೊತೆಯಲ್ಲೇ ಇರುವ ಅಪ್ಪ-ಅಮ್ಮ, ವರ್ಷಕ್ಕೆ ಐದಾರು ಸಲ ಬೆಂಗಳೂರಿನಿಂದ ಊರಿಗೆ ಓಡಾಟ, ಕೈಯಲ್ಲಿ 15 ಲಕ್ಷ. ಕಾಂಪ್ಯಾಕ್ಟ್ ಎಸ್‌ಯುವಿ ಒಳ್ಳೆಯದೋ ಮೂರು ಸಾಲು ಸೀಟಿನ ಮಾರುತಿ ಎರ್ಟಿಗಾ ಥರದ್ದೋ ಎಂದು ಕೇಳಿದ್ದೀರಿ. ಮೊದಲನೆಯದನ್ನು ಇವತ್ತೇ ಪಟ್ಟಿಯಿಂದ ತೆಗೆದುಬಿಡಿ.

2019ರಲ್ಲಿ ನಾವು ತೆಗೆದುಕೊಂಡದ್ದು ಅದೇ. ಹೊರಗಿನಿಂದ ಎತ್ತರವಾಗಿ, ಗಟ್ಟಿಮುಟ್ಟಾಗಿ ಕಾಣುತ್ತಿತ್ತು, ದೊಡ್ಡ ಕಾರೇ ಬಂತು ಎಂದುಕೊಂಡೆವು. ಆದರೆ ನಮ್ಮ ದೇಶದಲ್ಲಿ 4 ಮೀಟರ್ ಒಳಗಿನ ಸಣ್ಣ ಎಂಜಿನ್ ಕಾರಿಗೆ ತೆರಿಗೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಅಂಥದ್ದಕ್ಕೆ ಜಿಎಸ್‌ಟಿ ಶೇ 18, ಆ ಅಳತೆ ಮೀರಿದ್ದಕ್ಕೆ ಶೇ 40. ಹಾಗಾಗಿ ಈ ಕಾರುಗಳು ಮೇಲಕ್ಕೆ ಬೆಳೆಯುತ್ತವೆ, ಉದ್ದಕ್ಕೆ ಬೆಳೆಯುವುದಿಲ್ಲ. ಬಹುತೇಕ ಇವುಗಳಲ್ಲಿ ಕೂರಲು ಇರುವುದು ಐದೇ ಜಾಗ. ನೀವು ಆರು ಜನ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರಾಯಿತು ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ದಯವಿಟ್ಟು ಒಪ್ಪಬೇಡಿ. ಬ್ರೇಕ್ ಹಾಕಿದ ಕ್ಷಣದಲ್ಲಿ ಯಾವ ತಾಯಿಯ ಕೈಗೂ ಮಗುವನ್ನು ಹಿಡಿದಿಡುವ ಬಲ ಇರುವುದಿಲ್ಲ. ಕಾನೂನಿನಲ್ಲೂ 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಕಡ್ಡಾಯ.

ಆ ವರ್ಷ ದೀಪಾವಳಿಗೆ ಪುತ್ತೂರಿಗೆ ಹೊರಟಾಗ ಹಿಂದಿನ ಸೀಟಿನಲ್ಲಿ ಎರಡು ಚೈಲ್ಡ್ ಸೀಟು, ನಡುವೆ ಉಳಿದ ಗೇಣಗಲದಲ್ಲಿ ಅಮ್ಮ. ಅಪ್ಪ ಬಸ್ಸಿನಲ್ಲಿ ಬಂದರು. ಅಮ್ಮ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಸಕಲೇಶಪುರದಲ್ಲಿ ಕಾಫಿಗೆ ಇಳಿದಾಗ ಸೊಂಟ ನೆಟ್ಟಗೆ ಮಾಡಲು ಆಗಲಿಲ್ಲ. ಆ ದಿನದಿಂದಲೇ ನಾನು ಮೂರು ಸಾಲಿನ ಕಾರು ಹುಡುಕಲು ಶುರು ಮಾಡಿದ್ದು.

ಮೂರು ಸಾಲು ಎಂದ ಮೇಲೆ ಎಂಜಿನ್, ಟಚ್‌ಸ್ಕ್ರೀನ್, ಸನ್‌ರೂಫ್ ಎಲ್ಲ ಆಮೇಲೆ. ಯಾರು ಎಲ್ಲಿ ಕೂರುತ್ತಾರೆ ಎಂದು ಮೊದಲು ಕಾಗದದ ಮೇಲೆ ಬರೆಯಿರಿ. ಎಳೆಗೂಸಿನ ಸೀಟು ಹಿಂದಕ್ಕೆ ಮುಖಮಾಡಿ ಇರಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಅದನ್ನು ಇಡಲೇಬಾರದು. ಚೈಲ್ಡ್ ಸೀಟನ್ನು ಕಾರಿಗೆ ಬಿಗಿಯುವ ಐಸೋಫಿಕ್ಸ್ ಕೊಂಡಿ ಈ ಕಾರುಗಳಲ್ಲಿ ಇರುವುದು ನಡುವಿನ ಸಾಲಿನಲ್ಲಿ, ಹಾಗಾಗಿ ಮಗು ಅಲ್ಲೇ. ಆದರೆ ಆ ಸೀಟನ್ನು ಬಿಗಿದಿಟ್ಟ ಮೇಲೆ ಆ ಬದಿಯಿಂದ ಮೂರನೇ ಸಾಲಿಗೆ ದಾರಿ ಮುಚ್ಚಿದಂತೆ. ಇದನ್ನು ಶೋರೂಮಿನಲ್ಲಿ ಯಾರೂ ಹೇಳಲಿಲ್ಲ. ಚಾಲಕನ ಹಿಂದೆ ಮಗುವಿನ ಸೀಟು ಕಟ್ಟಿ, ಫುಟ್‌ಪಾತ್ ಕಡೆಯ ಎಡಬದಿಯನ್ನು ಹತ್ತಿ ಇಳಿಯಲು ಬಿಡಿ.

ನಾವು 2022ರಲ್ಲಿ ತೆಗೆದುಕೊಂಡದ್ದು ಎಕ್ಸ್ಎಲ್6, ಅಂದರೆ ಎರ್ಟಿಗಾದ ಆರು ಸೀಟಿನ ರೂಪ. ನಡುವೆ ಉದ್ದ ಬೆಂಚಿಲ್ಲ, ಎರಡು ಬಿಡಿ ಕುರ್ಚಿ. ಮೊಣಕಾಲು ನೋವಿನ ಅಮ್ಮನಿಗೆ ಮುಂದಿನ ಸೀಟು. ನಡುವೆ ಮಗು, ಪಕ್ಕದಲ್ಲಿ ಹೆಂಡತಿ. ಹಿಂದೆ ಅಪ್ಪ ಮತ್ತು ಮಗಳು. ಕುರ್ಚಿಗಳ ಸಂದಿಯಿಂದ ಹೆಂಡತಿ ಮಗಳಿಗೆ ನೀರು, ಬಿಸ್ಕತ್ತು ದಾಟಿಸುತ್ತಾಳೆ. ಆ ಒಂದು ಸಂದಿ ನಮ್ಮ ಪ್ರಯಾಣವನ್ನೇ ಬದಲಿಸಿತು. ಮೂರನೇ ಸಾಲು ಹಿಂದಿನ ಚಕ್ರದ ಮೇಲೆಯೇ ಇರುವುದರಿಂದ ಕುಲುಕಾಟ ಹೆಚ್ಚು. ಶಿರಾಡಿ ಘಾಟಿಯ ತಿರುವುಗಳಲ್ಲಿ ಮಗಳಿಗೆ ವಾಂತಿ ಬರುತ್ತದೆ, ಹಾಗಾಗಿ ಸಕಲೇಶಪುರದಲ್ಲೇ ಅವಳು ನಡುವಿಗೆ, ಹೆಂಡತಿ ಹಿಂದಕ್ಕೆ. ಅಪ್ಪನ ಮಾತಿನಲ್ಲಿ ಹೇಳುವುದಾದರೆ ಹಿಂದೆ ಕೂತರೆ ಕುಕ್ಕರಗಾಲಲ್ಲಿ ಕೂತ ಹಾಗೆ, ನೆಲ ಎತ್ತರ, ಸೀಟು ತಗ್ಗು. ಎರಡು ಗಂಟೆಗೊಮ್ಮೆ ನಿಲ್ಲಿಸುತ್ತೇವೆ.

ಇನ್ನು ಸಾಮಾನು. ಎರ್ಟಿಗಾದಲ್ಲಿ ಮೂರೂ ಸಾಲು ಎತ್ತಿದಾಗ ಡಿಕ್ಕಿಯಲ್ಲಿ ಉಳಿಯುವುದು 209 ಲೀಟರ್, ಮೂರನೇ ಸಾಲು ಮಡಚಿದರೆ 550. ಮೂರು ಸಾಲಿನದೇ ಸಣ್ಣ ಕಾರಾದ ರೆನೋ ಟ್ರೈಬರಿನಲ್ಲಿ ಏಳು ಜನ ಕೂತರೆ ಬರೀ 84. ಹೋಗುವಾಗ ಬಟ್ಟೆಯ ಚೀಲಗಳು ಹೇಗೋ ಹಿಡಿಯುತ್ತವೆ. ಊರಿನಿಂದ ಬರುವಾಗ ತೆಂಗಿನಕಾಯಿ ಮೂಟೆ, ಬಾಳೆಗೊನೆ, ಹಲಸಿನಹಣ್ಣು ಬೇಡವೆನ್ನಲಾಗುತ್ತದೆಯೇ? ನಾವು ಮೇಲೆ ಕ್ಯಾರಿಯರ್ ಹಾಕಿಸಿದೆವು. ಸಿಎನ್‌ಜಿ ಆಸೆಯಿದ್ದರೆ ಸಿಲಿಂಡರ್ ಕೂರುವುದೂ ಅದೇ ಡಿಕ್ಕಿಯಲ್ಲಿ ಎಂಬುದು ನೆನಪಿರಲಿ. ಆರು ಜನರ ಮನೆಗೆ ನಾನಂತೂ ಹೇಳುವುದಿಲ್ಲ.

ನಿಮ್ಮ ದುಡ್ಡಿಗೆ ನಾನು ಕೊನೆಗೆ ನೋಡುವುದು ಎರ್ಟಿಗಾ, ಎಕ್ಸ್ಎಲ್6 ಮತ್ತು ಕಿಯಾ ಕ್ಯಾರೆನ್ಸ್. ಮಾರುತಿಯ 1462 ಸಿಸಿ ಪೆಟ್ರೋಲ್ ಎಂಜಿನ್ ಊರೊಳಗೆ ಹಗುರ, ತುಂಬಿದ ಗಾಡಿಯಲ್ಲಿ ಘಾಟಿ ಹತ್ತುವಾಗ ಎರಡನೇ ಗೇರಿಗೆ ಇಳಿಸಿ ತಾಳ್ಮೆಯಿಂದ ಓಡಿಸಬೇಕು. ಪ್ರತಿ ತಿಂಗಳೂ ಘಾಟಿಯಿದ್ದರೆ ಕ್ಯಾರೆನ್ಸ್ ಡೀಸೆಲ್ ಮೇಲು. ಚಕ್ರಗಳ ನಡುವಿನ ಅಂತರ ಎರ್ಟಿಗಾದಲ್ಲಿ 2740 ಮಿಲಿಮೀಟರ್, ಕ್ಯಾರೆನ್ಸಿನಲ್ಲಿ 2780. ಆ ನಾಲ್ಕು ಸೆಂಟಿಮೀಟರ್ ಹಿಂದೆ ಕೂತ ಅಪ್ಪನ ಮೊಣಕಾಲಿಗೆ ತಿಳಿಯುತ್ತದೆ. ಸುರಕ್ಷತೆಯ ನಕ್ಷತ್ರ ನೋಡುವಾಗ ವರ್ಷವನ್ನೂ ನೋಡಿ. ಅಪಘಾತ ಪರೀಕ್ಷೆ ಮಾಡಿ ಕಾರಿಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯ ಪರೀಕ್ಷೆ 2022ರಲ್ಲಿ ಬಿಗಿಯಾಯಿತು, ಅದಕ್ಕೂ ಹಿಂದಿನ ಮೂರು ನಕ್ಷತ್ರವೂ ಈಗಿನ ಮೂರು ನಕ್ಷತ್ರವೂ ಒಂದೇ ಅಲ್ಲ.

ನಿಮ್ಮ ಅಪ್ಪನಿಗೆ ಇನ್ನೋವಾ ಇಷ್ಟ ಎಂದಿದ್ದೀರಿ. ಬಿಡದಿಯಲ್ಲೇ ತಯಾರಾಗುವ ಗಾಡಿ, ನನಗೂ ಇಷ್ಟ. ಹೊಸದು ನಿಮ್ಮ ಮಿತಿ ಮೀರುತ್ತದೆ, ಹಳೆಯ ಇನ್ನೋವಾ ಕ್ರಿಸ್ಟಾ ಸಿಗಬಹುದು. ಆದರೆ ಹಳದಿ ಬೋರ್ಡಿನಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಬಿಳಿ ಬೋರ್ಡಿಗೆ ಬದಲಾದದ್ದಲ್ಲ ಎಂದು ಆರ್‌ಸಿ ಮತ್ತು ಸರ್ವಿಸ್ ದಾಖಲೆ ಎರಡರಲ್ಲೂ ಖಚಿತಪಡಿಸಿಕೊಳ್ಳಿ. ಕ್ರಿಸ್ಟಾದ ಉದ್ದ 4735 ಮಿಲಿಮೀಟರ್, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗಕ್ಕೆ ಟೇಪು ಹಿಡಿಯದೆ ಮುಂಗಡ ಕೊಡಬೇಡಿ.

ದುಡ್ಡಿನ ಲೆಕ್ಕವನ್ನು ಆನ್-ರೋಡ್ ಬೆಲೆಯಲ್ಲೇ ಹಾಕಿ; ಕರ್ನಾಟಕದಲ್ಲಿ 10 ಲಕ್ಷ ದಾಟಿ 20 ಲಕ್ಷದೊಳಗಿರುವ ಪೆಟ್ರೋಲ್, ಡೀಸೆಲ್ ಕಾರಿಗೆ ರಸ್ತೆ ತೆರಿಗೆಯೇ ಶೇ 17, ಮೇಲೆ ಸೆಸ್.

ಟೆಸ್ಟ್ ಡ್ರೈವಿಗೆ ಒಬ್ಬರೇ ಹೋಗಬೇಡಿ. ಭಾನುವಾರ ಎಲ್ಲರನ್ನೂ ಕರೆದುಕೊಂಡು ಹೋಗಿ, ಮಗಳ ಸೀಟನ್ನೂ ಒಯ್ದು ಅಲ್ಲೇ ಕಟ್ಟಿ. ಅಮ್ಮ ಸೀರೆಯಲ್ಲೇ ಬರಲಿ, ಹತ್ತಿ ಇಳಿಯಲಿ. ಅಪ್ಪ ಮೂರನೇ ಸಾಲಿನಲ್ಲಿ ಕಾಲು ಗಂಟೆ ಕೂರಲಿ, ಎಸಿ ಗಾಳಿ ಅಲ್ಲಿಗೆ ಮುಟ್ಟುತ್ತದೆಯೇ ಹೇಳಲಿ. ನಿಮಗೆ ಉಳಿದಿರುವುದು ಮೂರು ತಿಂಗಳು, ಕೆಲವು ಮಾದರಿಗಳಿಗೆ ಬುಕ್ ಮಾಡಿ ಕಾಯಬೇಕಾಗುತ್ತದೆ. ಈ ವಾರವೇ ಹೋಗಿ ಬನ್ನಿ. ಯಾರು ಎಲ್ಲಿ ಕೂತರು, ಅಪ್ಪ ಏನಂದರು ಎಂದು ಇಲ್ಲೇ ಬರೆದರೆ ಯಾವ ವೇರಿಯಂಟ್ ಎಂಬುದನ್ನು ಕೂತು ನೋಡೋಣ.