ತಪ್ಪು ನನ್ನದು, ಕೆಲಸ ಹೋಗುತ್ತಿರುವುದು ಆ ಹುಡುಗನದು

ಪ್ರಶ್ನೆ: ನನಗೆ 29 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಅಂಗಡಿಗಳಲ್ಲಿ ಬಿಲ್ ಹಾಕುವ ಸಣ್ಣ ಯಂತ್ರ ನಮ್ಮದು. ಅದರೊಳಗಿನ ಲಿನಕ್ಸ್ ಕರ್ನೆಲ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ನನ್ನ ಜವಾಬ್ದಾರಿ. ಮೆಮೊರಿ ಕಡಿಮೆ ಇರುವುದರಿಂದ ಸ್ವಾಪ್‌ಗೆ ಝಡ್‌ರ‍್ಯಾಮ್ ಬಳಸುತ್ತೇವೆ, ಮೆಮೊರಿಯೊಳಗೇ ಮಾಹಿತಿಯನ್ನು ಕುಗ್ಗಿಸಿ ಇಡುವ ಜಾಗ ಅದು. 2024ರಲ್ಲಿ ಸ್ವಾಪ್‌ನಿಂದ ಓದುವಾಗ ಎರಡು ಕೆಲಸ ಒಂದೇ ಹೊತ್ತಿಗೆ ಎಡತಾಕಿ ಆಗುವ ಒಂದು ರೇಸ್ ಕಂಡಿಷನ್‌ಗೆ ಮೇನ್‌ಲೈನ್‌ನಲ್ಲಿ, ಅಂದರೆ ಕರ್ನೆಲ್‌ನ ಮೂಲ ಪ್ರತಿಯಲ್ಲಿ, ಪ್ಯಾಚ್ (ತಿದ್ದುಪಡಿ) ಬಂತು. ನಮ್ಮ ಹಳೆಯ ಕರ್ನೆಲ್‌ಗೆ ಅದನ್ನು ತರಲು ಹೋದರೆ ಕಾನ್‌ಫ್ಲಿಕ್ಟ್, ಸಾಲುಗಳು ಹೊಂದಲಿಲ್ಲ. ಮಾರನೇ ದಿನ ರಿಲೀಸ್ ಇತ್ತು. 'ನಮಗೆ ಇದು ತಟ್ಟುವುದಿಲ್ಲ' ಎಂದು ಬರೆದು ಬಿಟ್ಟುಬಿಟ್ಟೆ. ಈಗ ಕೆಲವು ಅಂಗಡಿಗಳಲ್ಲಿ ತಿಂಗಳಿಗೆ ಒಂದೆರಡು ಸಲ ಕೊನೆಯ ಬಿಲ್ ಮಾಯವಾಗಿ ದಿನದ ಮೊತ್ತ ತಪ್ಪುತ್ತಿದೆ. ಬಿಲ್ಲಿಂಗ್ ಆ್ಯಪ್ ಬರೆದ ಹೊಸ ಹುಡುಗನ ತಲೆಗೆ ಅದನ್ನು ಕಟ್ಟಿದ್ದಾರೆ. ಪ್ರೊಬೇಷನ್‌ನಲ್ಲಿರುವ ಅವನಿಗೆ ತಿಂಗಳ ಕೊನೆಗೆ ಬೇರೆ ಕಡೆ ನೋಡಿಕೋ ಅಂದಿದ್ದಾರೆ. ಬಿಟ್ಟಿದ್ದ ಪ್ಯಾಚ್ ನನ್ನ ಕಣ್ಣಿಗೆ ಬಿದ್ದದ್ದು ಹೋದ ವಾರ. ಎರಡು ದಿನ ಕೂತರೂ ನನ್ನ ಯಂತ್ರದಲ್ಲಿ ಆ ತೊಂದರೆ ಬರುತ್ತಿಲ್ಲ. ಮುಂದಿನ ಅಪ್‌ಡೇಟ್‌ನಲ್ಲಿ ಸದ್ದಿಲ್ಲದೆ ಸೇರಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪನ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದಿದೆ, ಮನೆ ನನ್ನ ಸಂಬಳದ ಮೇಲೆ ನಿಂತಿದೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: 'ನನ್ನ ಯಂತ್ರದಲ್ಲಿ ಬರುತ್ತಿಲ್ಲ' ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಬರದಿದ್ದರೆ ತಪ್ಪು ನನ್ನದಲ್ಲದೆಯೂ ಇರಬಹುದು ಎಂಬ ಆಸೆ ಆ ಸಾಲಿನಲ್ಲಿದೆ. ಅದು ನನಗೆ ಚೆನ್ನಾಗಿ ಗೊತ್ತಿರುವ ಆಸೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ ಸಾಗರಕ್ಕೆ ವಾಪಸ್ ಬಂದವಳು ನಾನು. ಆ ರೇಸ್ ಹೇಗೆ ಆಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಬೇರೆ ಓದುಗರಿಗೂ ನಿಮ್ಮ ಸಂಕಟ ಅರ್ಥವಾಗಬೇಕು. ಮತ್ತೆ, ಇದನ್ನು ನೀವು ನಿಮ್ಮ ಅಪ್ಪನಿಗೂ ಹೇಳಬೇಕಾಗುತ್ತದೆ.

ಅಡಿಕೆ ಕೊನೆ ಕೊಯ್ಲಿನ ಕಾಲ ಎಂದಿಟ್ಟುಕೊಳ್ಳಿ. ಜಗಲಿಯಲ್ಲಿ ಒಂದು ಚಿಕ್ಕ ಮೇಜು, ಅದರ ತುಂಬ ಅಪ್ಪನ ಲೆಕ್ಕದ ಹಾಳೆಗಳು. ಜಾಗ ಸಾಲದಾದಾಗ ಒಂದು ಹಾಳೆಯನ್ನು ಅಟ್ಟದ ಮೇಲಿನ 17ನೇ ಪೆಟ್ಟಿಗೆಗೆ ಹಾಕಿ, ಅದಿದ್ದ ಜಾಗದಲ್ಲಿ 'ಪೆಟ್ಟಿಗೆ 17' ಎಂದು ಚೀಟಿ ಇಡುತ್ತಾರೆ. ಸ್ವಾಪ್ ಅಂದರೆ ಇಷ್ಟೇ. ಮೇಜು ಮೆಮೊರಿ, ಹಾಳೆ ಸಾಮಾನ್ಯವಾಗಿ 4096 ಬೈಟ್‌ಗಳ ಒಂದು ಪೇಜ್, ಪೆಟ್ಟಿಗೆ ಸ್ವಾಪ್ ಸ್ಲಾಟ್.

ಆ ಹಾಳೆ ಮತ್ತೆ ಬೇಕಾಯಿತು. ಅಣ್ಣ ತಮ್ಮ ಇಬ್ಬರೂ ಒಂದೇ ಚೀಟಿ ನೋಡಿ ಅಟ್ಟ ಹತ್ತಿದರು, ಇಬ್ಬರೂ ನಕಲು ಮಾಡಿಕೊಂಡರು. ಅಣ್ಣ ಮೊದಲು ಇಳಿದ. ಚೀಟಿ ತೆಗೆದು ತನ್ನ ನಕಲನ್ನು ಮೇಜಿನ ಮೇಲಿಟ್ಟ, ಪೆಟ್ಟಿಗೆ ಖಾಲಿ ಮಾಡಿಸಿದ. ಇವತ್ತು ಯಾರು ಎಷ್ಟು ಡಬ್ಬ ಅಡಿಕೆ ಸುಲಿದರು ಎಂದು ಅಪ್ಪ ಅದರಲ್ಲಿ ಬರೆದರು. ಅಷ್ಟರಲ್ಲಿ ಮೇಜು ಮತ್ತೆ ತುಂಬಿ ಆ ಹಾಳೆ ಮತ್ತೆ ಅಟ್ಟಕ್ಕೆ ಹೋಯಿತು. ಖಾಲಿಯಿದ್ದದ್ದು 17, ಹಾಗಾಗಿ ಅಲ್ಲಿಗೇ ಹೋಯಿತು. ಮೇಜಿನ ಮೇಲೆ ಮತ್ತೆ ಅದೇ ಚೀಟಿ.

ಈಗ ತಮ್ಮ ಇಳಿದು ಬರುತ್ತಾನೆ. ಅವನು ಬೇಜವಾಬ್ದಾರಿ ಹುಡುಗನಲ್ಲ. ಹಾಳೆ ಇಡುವ ಮೊದಲು ಚೀಟಿ ನೋಡುತ್ತಾನೆ. 'ಪೆಟ್ಟಿಗೆ 17' ಎಂದೇ ಇದೆ. ತಾನು ಹತ್ತುವಾಗ ಇದ್ದಂತೆಯೇ ಇದೆ, ಯಾರೂ ಮುಟ್ಟಿಲ್ಲ ಎಂದುಕೊಂಡು ತನ್ನ ಹಳೇ ನಕಲನ್ನು ಮೇಜಿನ ಮೇಲಿಡುತ್ತಾನೆ, 17ನ್ನು ಖಾಲಿ ಮಾಡಿಸುತ್ತಾನೆ. ಇವತ್ತು ಸುಲಿದವರ ಲೆಕ್ಕ ಆ ಪೆಟ್ಟಿಗೆಯ ಜೊತೆಗೇ ಹೋಯಿತು.

ನಿಮ್ಮ ಅಂಗಡಿಗಳಲ್ಲಿ ಕೊನೆಯ ಬಿಲ್ ಹೋಗುತ್ತಿರುವುದು ಥೇಟ್ ಹೀಗೇ ಕಾಣುತ್ತದೆ. ತಮ್ಮನ ಜಾಗದಲ್ಲಿರುವ ಥ್ರೆಡ್ (ಪ್ರೋಗ್ರಾಂನ ಒಂದು ಎಳೆ) ನಡುವೆ ಬೇರೆಯವರು ಕೈಹಾಕದಂತೆ ಲಾಕ್ ಹಿಡಿದೇ ಚೀಟಿಯನ್ನು ಪರೀಕ್ಷೆ ಮಾಡಿರುತ್ತದೆ. ಚೀಟಿ ಬದಲಾಗಿಲ್ಲ ಎಂದರೆ ಹಾಳೆಯೂ ಬದಲಾಗಿಲ್ಲ ಎಂದು ನಂಬಿದ್ದೇ ಎಡವಟ್ಟು. ಮಾಮೂಲಿ ದಾರಿಯಲ್ಲಿ ಹೀಗಾಗುವುದಿಲ್ಲ, ಏಕೆಂದರೆ ಮೊದಲು ತಂದ ಪೇಜ್ ಸ್ವಾಪ್ ಕ್ಯಾಶ್ ಎಂಬ, ಎಲ್ಲರಿಗೂ ಕಾಣುವ ತಾತ್ಕಾಲಿಕ ಜಾಗದಲ್ಲಿರುತ್ತದೆ, ಎರಡನೆಯವರು ಅದನ್ನೇ ಬಳಸುತ್ತಾರೆ. ಝಡ್‌ರ‍್ಯಾಮ್‌ನಂಥ ವೇಗದ ಸಾಧನಗಳಿಗೆ ಆ ಸುತ್ತು ಯಾಕೆ ಎಂದು ಕರ್ನೆಲ್‌ನ 4.15ನೇ ಆವೃತ್ತಿಯಿಂದ ಸ್ವಾಪ್ ಕ್ಯಾಶ್ ದಾಟಿ ಹೋಗುವ ಒಳದಾರಿ ಬಂತು. 4.15 ಬಂದದ್ದು 2018ರ ಜನವರಿಯಲ್ಲಿ. ಈ ರೇಸ್ ಸರಿಯಾದದ್ದು 2024ರಲ್ಲಿ, 6.8ರ ಹೊತ್ತಿಗೆ, ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2024-26759 ಎಂದು ಅದಕ್ಕೆ ಸಂಖ್ಯೆ ಕೊಟ್ಟರು. ನಡುವಿನ ಆರು ವರ್ಷ ಅದು ನುರಿತವರ ಕಣ್ಣೆದುರಿಗೇ ಇತ್ತು. ರಿಲೀಸ್‌ನ ಹಿಂದಿನ ದಿನ ನೀವೊಬ್ಬರೇ ಅದನ್ನು ತೂಗಿ ನೋಡುವಾಗ ಅಂದಾಜು ತಪ್ಪಿದ್ದು ಅಪರಾಧವಲ್ಲ. ಇದನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪರಿಹಾರವೂ ಮನೆಮಾತಿನಷ್ಟು ಸರಳ. ನಕಲು ಮಾಡುವ ಮೊದಲೇ ಪೆಟ್ಟಿಗೆಯ ಮೇಲೆ 'ಯಾರೋ ತೆಗೆಯುತ್ತಿದ್ದಾರೆ' ಎಂದು ಒಂದು ಗುರುತು. ಆಗಿನ ಕರ್ನೆಲ್‌ನಲ್ಲಿ ಪ್ರತಿ ಸ್ಲಾಟ್‌ಗೂ ಒಂದು ಬೈಟ್ ಲೆಕ್ಕ ಇತ್ತು, ಆ ಬೈಟ್‌ನ ಒಂದು ಬಿಟ್ ಈ ಗುರುತು. ಗುರುತು ಇರುವವರೆಗೆ ಆ ಪೆಟ್ಟಿಗೆ ಬೇರೆ ಹಾಳೆಗೆ ಸಿಗುವುದಿಲ್ಲ. ಎರಡನೆಯವನು ಅದನ್ನು ಕಂಡರೆ ಬರಿಗೈಲಿ ಇಳಿದು, ಸ್ವಲ್ಪ ತಡೆದು, ಚೀಟಿ ನೋಡುವುದರಿಂದಲೇ ಮತ್ತೆ ಶುರು ಮಾಡಬೇಕು. ನೀವು ಬಿಟ್ಟದ್ದು ಈ ಗುರುತನ್ನು.

ನಿಮ್ಮ ಮೇಜಿನ ಮೇಲಿನ ಯಂತ್ರದಲ್ಲಿ ಇದು ಯಾಕೆ ಬರುತ್ತಿಲ್ಲ? ತಮ್ಮ ಅಟ್ಟದಲ್ಲಿ ಸರಿಯಾಗಿ ಅಷ್ಟೇ ಹೊತ್ತು ತಡೆಯಬೇಕು, ಅಷ್ಟರೊಳಗೆ ಮೇಜು ತುಂಬಬೇಕು, ಹಾಳೆ ಅದೇ ಪೆಟ್ಟಿಗೆಗೆ ಬೀಳಬೇಕು. ಸಂಜೆ ಆರರ ದಿನಸಿ ಅಂಗಡಿಯ ಗದ್ದಲ ನಿಮ್ಮ ಕೋಣೆಯಲ್ಲಿಲ್ಲ. ತೋರಿಸಲೇಬೇಕೆಂದರೆ ಪರೀಕ್ಷೆಯ ಕರ್ನೆಲ್‌ನಲ್ಲಿ, ಅದರಲ್ಲಿ ಮಾತ್ರ, ಸ್ವಾಪ್‌ನಿಂದ ಓದುವ ಕಡೆ ಬೇಕೆಂದೇ ಸ್ವಲ್ಪ ವಿಳಂಬ ಹಾಕಿ. ಎರಡು ಥ್ರೆಡ್ ಒಂದೇ ಪೇಜನ್ನು ಮುಟ್ಟುತ್ತಿರಲಿ, ಇನ್ನೊಂದು ಪ್ರೋಗ್ರಾಂ ಮೆಮೊರಿಯನ್ನು ತಿನ್ನುತ್ತಿರಲಿ. ಆ ಪ್ಯಾಚ್ ಮಾಡಿದವರೂ ತೊಂದರೆಯನ್ನು ಎದುರಿಗೆ ತರಲೆಂದೇ ಒಂದು ಪರೀಕ್ಷೆ ಬರೆದಿದ್ದರು. ಪ್ಯಾಚ್ ಇಲ್ಲದೆ ಒಂದು ರಾತ್ರಿ, ಹಾಕಿ ಒಂದು ರಾತ್ರಿ ಓಡಿಸಿ.

ಅದೇ ವರ್ಷ ಸ್ವಾಪ್ ಸ್ಲಾಟ್ ಖಾಲಿ ಮಾಡುವಲ್ಲಿ ಇನ್ನೊಂದು ರೇಸ್ ಸರಿಯಾಯಿತು, ಸಿವಿಇ-2024-26960. ಒಬ್ಬ ಪೆಟ್ಟಿಗೆ ಖಾಲಿ ಮಾಡಲು ಹತ್ತಿದ್ದಾಗ ಇನ್ನೊಬ್ಬ ಅಟ್ಟವನ್ನೇ ಕಳಚುವುದು, ಅಂದರೆ ಸ್ವಾಪ್ ಜಾಗವನ್ನೇ ಮುಚ್ಚುವ ಸ್ವಾಪ್‌ಆಫ್. ಹತ್ತಿದವನು ಇಳಿಯುವವರೆಗೆ ಅಟ್ಟ ಕಳಚದಂತೆ ಒಂದು ಹಿಡಿತ ಹಾಕಿದರು. ಅದು ಸೈದ್ಧಾಂತಿಕವಾಗಿ ಮಾತ್ರ ಕಾಣುವ ಸಂದು ಎಂದು ಪ್ಯಾಚ್‌ನ ವಿವರಣೆಯಲ್ಲೇ ಬರೆದಿದ್ದರು. ಆದರೂ ಮುಚ್ಚಿದರು. ಇದನ್ನು ಯಾಕೆ ಹೇಳಿದೆ ಅಂದರೆ, ಕಣ್ಣಾರೆ ಕಂಡ ಮೇಲೆ ಬಾಯಿಬಿಡುತ್ತೇನೆ ಎಂದು ನೀವು ಕಾಯಬಾರದು. ಪರೀಕ್ಷೆಗೆ ಒಂದು ವಾರ ಹಿಡಿಯಬಹುದು, ಮೂರು ವಾರವೂ ಹಿಡಿಯಬಹುದು. ಆ ಹುಡುಗನಿಗೆ ಇರುವುದು ತಿಂಗಳ ಕೊನೆಯವರೆಗೆ.

ನನ್ನದೊಂದು ಹೇಳುತ್ತೇನೆ. ಸುಮಾರು ಹದಿನೈದು ವರ್ಷದ ಹಿಂದೆ ನಾನು ಬರೆದ ಡ್ರೈವರ್‌ನಲ್ಲಿ (ಯಂತ್ರದ ಒಂದು ಭಾಗವನ್ನು ನಡೆಸುವ ಪ್ರೋಗ್ರಾಂ) ವಾರಕ್ಕೊಮ್ಮೆ ಯಂತ್ರ ನಿಂತುಬಿಡುತ್ತಿತ್ತು. ಏನಾಗುತ್ತಿದೆ ನೋಡೋಣ ಎಂದು ಒಂದು ಪ್ರಿಂಟ್ ಸಾಲು ಸೇರಿಸಿದೆ, ನಿಲ್ಲುವುದೇ ಬಿಟ್ಟಿತು. ತೆಗೆದರೆ ಮತ್ತೆ ಶುರು. ಆ ಸಾಲಿನಿಂದಾದ ಪುಟ್ಟ ವಿಳಂಬ ರೇಸನ್ನು ಮರೆ ಮಾಡಿದೆ ಎಂದು ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ಸಾಲನ್ನು ಹಾಗೇ ಬಿಟ್ಟು ದೂರಿನ ಟಿಕೆಟ್ ಮುಚ್ಚಿದೆ. ಮುಂದಿನ ಮಾದರಿಗೆ ಪ್ರೊಸೆಸರ್ ಬದಲಾಯಿತು, ಗ್ರಾಹಕರ ಹತ್ತಿರವೇ ಯಂತ್ರಗಳು ನಿಂತವು. ಟೆಸ್ಟಿಂಗ್‌ನವರೊಬ್ಬರನ್ನು ಕೂರಿಸಿ 'ನೀವ್ಯಾಕೆ ಹಿಡಿಯಲಿಲ್ಲ' ಎಂದು ಕೇಳಿದರು. ನಾನು ಎದುರಿನ ಕುರ್ಚಿಯಲ್ಲೇ ಇದ್ದೆ. ಅವರು ರೂಲ್ ಹಾಕಿದ ಉದ್ದದ ನೋಟ್‌ಬುಕ್ ತೆರೆದು, ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಾ, ತಾವು ಮಾಡದ ತಪ್ಪನ್ನು ತಮ್ಮ ಬರಹದಲ್ಲಿ ಹುಡುಕಿದರು. ನಾನು ಮಾತಾಡಲಿಲ್ಲ. ಮೂರು ತಿಂಗಳಲ್ಲಿ ಅವರು ಕೆಲಸ ಬಿಟ್ಟರು. ಆಮೇಲೆ ಹೇಳೋಣ ಎಂದುಕೊಂಡವಳಿಗೆ ಅವರ ನಂಬರ್ ಕೂಡ ಸಿಗಲಿಲ್ಲ.

ನಿಮ್ಮ ಹುಡುಗನೂ ಈಗ ರಾತ್ರಿ ಕೂತು ತನ್ನ ಆ್ಯಪ್‌ನ ಸಾಲುಗಳನ್ನು ಹಾಗೇ ಬೆರಳಿಟ್ಟು ನೋಡುತ್ತಿರುತ್ತಾನೆ. ಅವನ ನಂಬರ್ ನಿಮ್ಮ ಹತ್ತಿರ ಇದೆ.

ಸದ್ದಿಲ್ಲದೆ ಸೇರಿಸುವುದರಲ್ಲಿ ಇನ್ನೊಂದು ತೊಂದರೆಯೂ ಇದೆ. ಕರ್ನೆಲ್ ಪ್ಯಾಚ್‌ಗಳಲ್ಲಿ 'ಫಿಕ್ಸಸ್' ಎಂಬ ಸಾಲು ಇರುವುದು ನಿಮಗೆ ಗೊತ್ತು. ಈ ತಪ್ಪು ಯಾವ ಹಳೆಯ ಬದಲಾವಣೆಯಿಂದ ಬಂತು ಎಂದು ಅಲ್ಲಿ ಬರೆಯುತ್ತಾರೆ. ಅದನ್ನು ಬರೆದವರ ಮಾನ ತೆಗೆಯಲು ಅಲ್ಲ, ಯಾವ ಯಾವ ಕರ್ನೆಲ್‌ಗೆ ಇದು ಬೇಕು ಎಂದು ಉಳಿದವರಿಗೆ ತಿಳಿಯಲಿ ಎಂದು. ನೀವು ಕಾರಣ ಬರೆಯದೆ ಸೇರಿಸಿದರೆ ಇದು ತುರ್ತು ಎಂದು ಯಾರಿಗೂ ಗೊತ್ತಾಗದು. ಅಪ್‌ಡೇಟ್ ಹಾಕಿಸಿಕೊಳ್ಳದ ಅಂಗಡಿಗಳಲ್ಲಿ ಬಿಲ್ ಹೋಗುತ್ತಲೇ ಇರುತ್ತದೆ. ಲೆಕ್ಕ ತಪ್ಪಿದ್ದಕ್ಕೆ ಗಲ್ಲಾದ ಮೇಲೆ ಕೂತ ಹುಡುಗನ ಮೇಲೆ ಅನುಮಾನ ಪಟ್ಟ ಮಾಲೀಕರೂ ಇರಬಹುದು. ಅವರಿಗೆ ಯಂತ್ರದ ತಪ್ಪು ಎಂದು ತಿಳಿಯುವುದು ಹೇಗೆ?

ಹಾಗಾಗಿ ಇವತ್ತೇ ಮ್ಯಾನೇಜರ್‌ಗೆ ಮೇಲ್ ಹಾಕಿ. ಫೋನ್ ಸಾಲದು, ಬರಹದಲ್ಲಿ ಇರಬೇಕು. ಅಳು ಬೇಡ, ಸಮಜಾಯಿಷಿ ಬೇಡ. ಹೀಗೆ ಬರೆದರೆ ಸಾಕು: '2024ರ ಆ ಪ್ಯಾಚನ್ನು ಕಾನ್‌ಫ್ಲಿಕ್ಟ್ ಬಂದ ಕಾರಣ ನಾನು ಕೈಬಿಟ್ಟಿದ್ದೆ. ನಮಗೆ ತಟ್ಟುವುದಿಲ್ಲ ಎಂದು ಬರೆದದ್ದು ನನ್ನ ತಪ್ಪು ಅಂದಾಜು. ಬಿಲ್ ಮಾಯವಾಗುವುದು ಇದರಿಂದಲೇ ಆಗಿರುವ ಸಾಧ್ಯತೆ ಬಲವಾಗಿದೆ. ಪರೀಕ್ಷೆ ಶುರು ಮಾಡಿದ್ದೇನೆ, ಪ್ಯಾಚ್ ಸಿದ್ಧ ಮಾಡುತ್ತಿದ್ದೇನೆ. ಅಲ್ಲಿಯವರೆಗೆ ಆ್ಯಪ್ ಬರೆದವರ ಮೇಲಿನ ತೀರ್ಮಾನ ತಡೆಹಿಡಿಯಬೇಕೆಂದು ಕೋರುತ್ತೇನೆ.' ನೂರಕ್ಕೆ ನೂರು ಇದೇ ಕಾರಣ ಎಂದು ಬರೆಯಬೇಡಿ, ಅದು ಇನ್ನೂ ನಿಮಗೆ ಗೊತ್ತಿಲ್ಲ. ಹುಡುಗನಿಗೂ ಅದೇ ಸಂಜೆ ಫೋನ್ ಮಾಡಿ ಹೇಳಿ, ಬೇರೆಯವರ ಬಾಯಿಂದ ಅವನು ಕೇಳುವುದು ಬೇಡ. ಆಮೇಲೆ ಒಂದು ರಾತ್ರಿ ಶಿವಮೊಗ್ಗದಲ್ಲಿ ಉಳಿದು ಬೆಳಗಿನ ಜನಶತಾಬ್ದಿ ಹಿಡಿಯಿರಿ. ಇಂಥ ಮಾತು ಎದುರಾಬದುರು ಕೂತು ಮುಗಿಸಿಕೊಳ್ಳುವುದು ಮೇಲು.

ಕೆಲಸ ಹೋದರೆ? ಹೋಗುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ತಪ್ಪನ್ನು ತಾವೇ ಹುಡುಕಿ, ಪರಿಹಾರದೊಂದಿಗೆ ಬಂದವರನ್ನು ಉಳಿಸಿಕೊಂಡ ಕಂಪನಿಗಳನ್ನು ಹೆಚ್ಚು ಕಂಡಿದ್ದೇನೆ, ಕಳಿಸಿದ್ದನ್ನೂ ಕಂಡಿದ್ದೇನೆ. ಅದಕ್ಕೇ ಮೇಲ್ ಹಾಕುವ ಮೊದಲು ಅಪ್ಪ ಅಮ್ಮನ ಜೊತೆ ಕೂತು ಮೂರು ತಿಂಗಳ ಖರ್ಚು ಲೆಕ್ಕ ಹಾಕಿ. ಔಷಧಿ ಸಿಂಪಡಣೆಗೆ ಎಷ್ಟು, ಸಾಲದ ಕಂತಿಗೆ ಎಷ್ಟು, ಯಾವುದನ್ನು ಮುಂದಕ್ಕೆ ಹಾಕಬಹುದು ಎಂದು. ಎಲೆಚುಕ್ಕಿ ಬಿದ್ದ ತೋಟ ನೋಡಿಕೊಂಡು ದಿನ ದೂಡುತ್ತಿರುವವರು ಅವರು, ಕೆಟ್ಟ ಸುದ್ದಿ ಕೇಳಿ ಕುಸಿಯುತ್ತಾರೆ ಎಂದು ನೀವೇ ತೀರ್ಮಾನಿಸಬೇಡಿ. ಅಟ್ಟ, ಪೆಟ್ಟಿಗೆ, ಚೀಟಿಯ ಕತೆ ಅವರಿಗೆ ಹೇಳಿ. ಇವತ್ತಿನ ಲೆಕ್ಕ ಹೋದದ್ದಕ್ಕೆ ಸುಲಿಯಲು ಬಂದವರನ್ನು ಬೈದರೆ ಸರಿಯೇ ಎಂದು ಅಪ್ಪನನ್ನೇ ಕೇಳಿ.

ಈ ಅಂಕಣ ನಿಮ್ಮ ಕೈ ಸೇರುವ ಹೊತ್ತಿಗೆ ತಡವಾಗಬಹುದು ಎಂದು, ಮೇಲಿನ ಮೇಲ್‌ನ ಒಕ್ಕಣೆ ಮತ್ತು ಪರೀಕ್ಷೆಯ ವಿವರವನ್ನು ನಿನ್ನೆ ರಾತ್ರಿಯೇ ನಿಮ್ಮ ವಿಳಾಸಕ್ಕೆ ಕಳಿಸಿದ್ದೇನೆ. ವಿಳಂಬವನ್ನು ಎಲ್ಲಿ ಹಾಕಬೇಕು ಎಂಬ ಗೊಂದಲವಿದ್ದರೆ ಅದಕ್ಕೇ ಉತ್ತರ ಬರೆಯಿರಿ, ನಾನು ಎದ್ದಿರುತ್ತೇನೆ.