ಹೋರಿ ಹಾರುತ್ತದೆ, ಹಸು ಗಬ್ಬ ನಿಲ್ಲುತ್ತಿಲ್ಲ

ಪ್ರಶ್ನೆ: ನನ್ನ ಬಳಿ ಎರಡೂವರೆ ವರ್ಷದ ಹಳ್ಳಿಕಾರ್ ಹೋರಿ ಇದೆ. ಘಾಟಿ ಜಾತ್ರೆಯಲ್ಲಿ ಕರುವಿದ್ದಾಗ ತಂದದ್ದು. ನೋಡಲು ಲಕ್ಷಣವಾಗಿದೆ, ಹಾರಲು ಹಿಂಜರಿಯುವುದಿಲ್ಲ. ಆದರೆ ಬೇಸಿಗೆಯಿಂದೀಚೆಗೆ ಊರಿನವರು ಹೊಡೆದುಕೊಂಡು ಬಂದ ಹಸುಗಳಲ್ಲಿ ಹೆಚ್ಚಿನವು ಮತ್ತೆ ಬೆದೆಗೆ ಬರುತ್ತಿವೆ. ‘ವೀರ್ಯ ನೀರಾಗಿದೆ, ಬೀಜ ಒಡೆಸಿ ಉಳುಮೆಗೆ ಹಾಕು’ ಅನ್ನುತ್ತಾರೆ. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಬಹುದೇ? – ದೊಡ್ಡಬಳ್ಳಾಪುರ ತಾಲ್ಲೂಕಿನ ಓದುಗರು

ಉತ್ತರ: ಈಗಲೇ ಬೀಜ ಒಡೆಸಬೇಡಿ. ಹಾಗೆಯೇ, ಪರೀಕ್ಷೆ ಮುಗಿಯುವ ತನಕ ಯಾವ ಹಸುವಿಗೂ ಹೋರಿ ಬಿಡಬೇಡಿ.

ಬಿಡಬೇಡಿ ಎನ್ನಲು ಕಾರಣ ಸೋಂಕು. ಟ್ರೈಕೊಮೊನಾಸ್, ಕ್ಯಾಂಪೈಲೋಬ್ಯಾಕ್ಟರ್ ಎಂಬ ರೋಗಾಣುಗಳು ಮುಂದೊಗಲಿನಲ್ಲಿ ಸೇರಿಕೊಂಡರೂ ಹೋರಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಅದು ಹಾರಿದ ಹಸುಗಳಲ್ಲಿ ಮಾತ್ರ ಭ್ರೂಣ ಎಳೆಯದರಲ್ಲೇ ಸಾಯುತ್ತದೆ. ಬ್ರುಸೆಲ್ಲಾ ಇದ್ದರೆ ಹಸು ಕಂದು ಹಾಕುತ್ತದೆ, ಮನುಷ್ಯರಿಗೂ ಹರಡುತ್ತದೆ. ಊರಿನವರನ್ನು ಕೇಳಿ ಬೆದೆಯ ತಾರೀಖುಗಳನ್ನು ಬರೆದಿಡಿ. 21 ದಿನದ ಆಸುಪಾಸಿಗೆ ಮರಳಿ ಬಂದಿದ್ದರೆ ಗಬ್ಬ ಕಟ್ಟೇ ಇಲ್ಲವೆಂದು ಊಹಿಸಬಹುದು. ಲೆಕ್ಕ ತಪ್ಪಿ, ತಡವಾಗಿ ಬಂದಿದ್ದರೆ ಕಟ್ಟಿದ್ದು ಕಳೆದುಹೋಗಿರಬಹುದು. ಈ ಚೀಟಿ ವೈದ್ಯರಿಗೆ ಅರ್ಧ ಉತ್ತರ ಕೊಡುತ್ತದೆ.

ನಿಮ್ಮ ತಾಲ್ಲೂಕಿನ ಪಶುವೈದ್ಯರಿಂದ ಚೀಟಿ ಬರೆಸಿಕೊಂಡು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಹೋರಿಯನ್ನೇ ಕರೆದುಕೊಂಡು ಹೋಗಿ. ವೀರ್ಯವನ್ನು ಸೀಸೆಯಲ್ಲಿ ಒಯ್ಯುವ ಯೋಚನೆ ಬೇಡ. ದಾರಿಯಲ್ಲಿ ತಣ್ಣಗಾದರೆ ಒಳ್ಳೆಯ ವೀರ್ಯಾಣುವೂ ಸತ್ತು, ಇಲ್ಲದ ದೋಷ ಕಾಣುತ್ತದೆ.

ಒಳ್ಳೆಯ ವೈದ್ಯರು ಸೂಕ್ಷ್ಮದರ್ಶಕಕ್ಕೆ ಮೊದಲು ಹೋರಿಯ ಕಾಲು, ಗೊರಸು, ಕಣ್ಣು, ವೃಷಣ ನೋಡುತ್ತಾರೆ. ಗುದದ್ವಾರದಿಂದ ಕೈ ಹಾಕಿ ಒಳಗಿನ ವೀರ್ಯಗ್ರಂಥಿಗಳನ್ನು ಮುಟ್ಟಿ ನೋಡುತ್ತಾರೆ. ಎಳೆಯ ಹೋರಿಗಳಲ್ಲಿ ಅಲ್ಲಿ ಉರಿಯೂತ ಕಾಣಿಸಿಕೊಳ್ಳುವುದುಂಟು. ಆಮೇಲೆ ವೀರ್ಯ. ಒಳ್ಳೆಯದು ಕೆನೆಹಾಲಿನಂತೆ ದಪ್ಪಗಿದ್ದು, ಒಂದು ಮಿಲಿಲೀಟರಿನಲ್ಲಿ ಸುಮಾರು ನೂರು ಕೋಟಿ ವೀರ್ಯಾಣುಗಳಿರುತ್ತವೆ. ನೀರಾಗಿದ್ದರೆ ದಿನವೂ ಹಾರಿಸಿದ್ದರಿಂದಲೂ ಆಗಿರಬಹುದು. ಬಹಳ ದಿನ ಸುಮ್ಮನಿದ್ದ ಹೋರಿಯಲ್ಲಿ ಮೊದಲ ಸಲ ಹಳೆಯ, ಸತ್ತ ವೀರ್ಯಾಣುಗಳೇ ಹೆಚ್ಚು ಬರುತ್ತವೆ. ಆದ್ದರಿಂದ ಎರಡನೇ ಮಾದರಿಯನ್ನೂ ತೆಗೆಯಲು ಕೇಳಿ.

ಅಮೆರಿಕದ ಮಾಂಸದ ತಳಿಯ ಹೋರಿಗಳಿಗೆ ಅಲ್ಲಿನ ಪಶುವೈದ್ಯರು ಇಟ್ಟುಕೊಂಡಿರುವ ಅಳತೆ ಹೀಗಿದೆ: ಕನಿಷ್ಠ 30% ವೀರ್ಯಾಣುಗಳು ನೇರ ಮುಂದಕ್ಕೆ ಈಜಬೇಕು, 70% ಸರಿಯಾದ ಆಕಾರದಲ್ಲಿರಬೇಕು, 15 ತಿಂಗಳಿಗೆ ವೃಷಣಚೀಲದ ಸುತ್ತಳತೆ 30 ಸೆಂಟಿಮೀಟರ್, ಎರಡು ವರ್ಷ ದಾಟಿದ ಮೇಲೆ 34 ಇರಬೇಕು. ಸುತ್ತಳತೆಯ ಲೆಕ್ಕವನ್ನು ಹಳ್ಳಿಕಾರ್‌ಗೆ ಹಾಗೆಯೇ ಹಚ್ಚಿದರೆ ಅನ್ಯಾಯವಾಗುತ್ತದೆ. ನಮ್ಮ ನಾಟಿ ತಳಿಗಳು ನಿಧಾನವಾಗಿ ಪ್ರಾಯಕ್ಕೆ ಬರುತ್ತವೆ.

ನಿಮ್ಮ ಪತ್ರದಲ್ಲಿ ‘ಬೇಸಿಗೆಯಿಂದೀಚೆಗೆ’ ಎಂಬ ಮಾತು ನನ್ನ ಗಮನ ಸೆಳೆಯಿತು. ವೃಷಣ ದೇಹಕ್ಕಿಂತ ಕೆಲವು ಡಿಗ್ರಿ ತಂಪಾಗಿದ್ದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ, ಪಕ್ವವಾಗಿ ಹೊರಬರಲು ಇನ್ನೊಂದು ವಾರ–ಹತ್ತು ದಿನ ಬೇಕು. ಹಾಗಾಗಿ ಏಪ್ರಿಲ್ ಬಿಸಿಲಿನ ಏಟು ಜೂನ್‌ನಲ್ಲೂ ಕಾಣಬಹುದು. ಕಾಲುಬಾಯಿ ಜ್ವರವೋ ಚರ್ಮಗಂಟು ರೋಗವೋ ಬಂದು ಹೋಗಿದ್ದರೂ ಅದೇ ಕಥೆ. ಇಷ್ಟೇ ಕಾರಣವಾಗಿದ್ದರೆ ನೆರಳು, ನೀರು, ಹಸಿರು ಮೇವು, ಖನಿಜ ಮಿಶ್ರಣ ಕೊಟ್ಟು ಕಾಯಬೇಕು, ಅಷ್ಟೇ. ‘ಶಕ್ತಿ ಬರುವ’ ಚುಚ್ಚುಮದ್ದಿಗೆ ದಯವಿಟ್ಟು ಹಣ ಸುರಿಯಬೇಡಿ. ಹಾರ್ಮೋನಿನ ಚುಚ್ಚುಮದ್ದು ವೃಷಣವನ್ನೇ ಕುಗ್ಗಿಸಬಲ್ಲದು.

ಮೊದಲ ಪರೀಕ್ಷೆ ಕೆಟ್ಟದಾಗಿ ಬಂದರೂ ಸುಮಾರು 70 ದಿನ ಬಿಟ್ಟು ಮತ್ತೆ ಮಾಡಿಸಿ. ಆಗಲೂ ಸುಧಾರಿಸದಿದ್ದರೆ ಊರಿನವರ ಮಾತು ಕೇಳಬಹುದು.

ಪ್ರಶ್ನೆ: ಬೀಜದ ಹೋರಿಗೆಂದು ಗಂಡುಕರು ಆರಿಸುವಾಗ ಏನು ನೋಡಬೇಕು? – ಆನೇಕಲ್‌ನ ಓದುಗರು

ಉತ್ತರ: ತಾಯಿಯ ಹಾಲು, ಕರು ಹಾಕುವ ಅಂತರ ನೋಡಿ. ಎರಡೂ ವೃಷಣ ಇಳಿದು ಸಮನಾಗಿರಬೇಕು. ಒಂದೇ ಇಳಿದಿದ್ದರೆ ಬೇಡ. ಆ ದೋಷ ವಂಶದಲ್ಲಿ ಇಳಿದು ಬರಬಹುದು. ಸುತ್ತಳತೆ ಹೆಚ್ಚಿರುವ ಹೋರಿಯ ಹೆಣ್ಣುಕರುಗಳು ಸಾಮಾನ್ಯವಾಗಿ ಬೇಗ ಬೆದೆಗೆ ಬರುತ್ತವೆ. ಅಳೆಯಲು ಟೇಪು ಸಾಕು.