ಪರದೇಶದ ಹಳ್ಳಿಗಾಡಿನಲ್ಲಿ ಭೂಮಾಪನ ಮಾಡುವವರ ದಿನನಿತ್ಯದ ಕಿರಿಕಿರಿ ಮತ್ತು ಖುಷಿಗಳೇನು?

ಬೆಟ್ಟ ಹತ್ತುವ ದಣಿವಿಗಿಂತ ಹೆಚ್ಚು ಕಾಡುವುದು ಕಾಯುವ ಕೆಲಸ. ಜಿಪಿಎಸ್‌ನಿಂದ ಸ್ಥಾನ ನಿರ್ಣಯಿಸಲು ಕನಿಷ್ಠ 4 ಉಪಗ್ರಹಗಳು ಬೇಕು. ದಟ್ಟ ಮರಗಳ ಕೆಳಗೆ ರಿಸೀವರಿಗೆ ಅವುಗಳ ಸಂಕೇತವೇ ಸರಿಯಾಗಿ ಸಿಗುವುದಿಲ್ಲ. ಕೋನ ಮತ್ತು ದೂರ ಅಳೆಯುವ ಟೋಟಲ್ ಸ್ಟೇಷನ್ ಎಂಬ ಉಪಕರಣ ಹೂಡಿದರೆ, ನಡುಹಗಲ ಝಳಕ್ಕೆ ದೂರದ ಗುರಿ ದುರ್ಬೀನಿನಲ್ಲಿ ನಡುಗುತ್ತದೆ. ಪರದೇಶದಲ್ಲಿ ಇನ್ನೊಂದು ತೊಡಕೂ ಇದೆ: ಹಳೆಯ ನಕ್ಷೆಗಳು ಸಾಮಾನ್ಯವಾಗಿ ಆ ದೇಶದ್ದೇ ಡೇಟಮ್ ಅನ್ನು, ಅಂದರೆ ಸ್ಥಾನಗಳನ್ನು ಅಳೆಯುವ ಮೂಲ ಆಧಾರವನ್ನು, ಆಧರಿಸಿರುವುದರಿಂದ, ಜಿಪಿಎಸ್ ಬಳಸುವ ಜಾಗತಿಕ ಡೇಟಮ್ ಆದ ಡಬ್ಲ್ಯುಜಿಎಸ್ 84ರ ನಿರ್ದೇಶಾಂಕಗಳನ್ನು ಪರಿವರ್ತಿಸದೆ ಅವುಗಳ ಮೇಲೆ ಗುರುತಿಸಿದರೆ ಗಡಿಯು ನೂರಾರು ಮೀಟರ್ ಜರುಗಬಹುದು. ಭಾಷೆ ಬಾರದವರಿಗೆ ಗಡಿಕಲ್ಲು ಎಲ್ಲಿದೆಯೆಂದು ಕೇಳುವುದೂ ಕೈಸನ್ನೆಯ ಕೆಲಸವೇ. ಆದರೆ ಪೊದೆ ಸವರಿ, ಮಣ್ಣು ಕೆದಕಿ, ಲೆಕ್ಕ ತೋರಿಸಿದ ಜಾಗದಲ್ಲೇ ಆ ಕಲ್ಲು ಕಂಡಾಗ, ಅಥವಾ ಹೊರಟ ಬಿಂದುವಿಗೇ ಮರಳಿದ ಟ್ರಾವರ್ಸಿನ (ಬಿಂದುವಿನಿಂದ ಬಿಂದುವಿಗೆ ಸಾಗುವ ಅಳತೆಯ ಸರಣಿಯ) ದೋಷ ಕೆಲವೇ ಮಿಲಿಮೀಟರ್ ಎಂದು ಸಂಜೆ ತಿಳಿದಾಗ, ದಿನದ ಬೇಸರವೆಲ್ಲ ಇಳಿದುಹೋಗುತ್ತದೆ.